ಮೊದಲು ಪ್ರೆಸ್ಸು, ಆಮೇಲೆ ಮನೆ

ಪತ್ರಿಕೆ ಕೈಗೆ ಸಿಕ್ಕಿದರೆ ಸಾಮಾನ್ಯವಾಗಿ ಎಲ್ಲರೂ ಮೊದಲು ನೋಡುವುದು ಮೇಲಿನ ದೊಡ್ಡ ಸುದ್ದಿಯನ್ನು. ಕೆಲವರು ರಾಶಿಫಲ ಹುಡುಕುತ್ತಾರೆ, ವಯಸ್ಸಾದವರು ನಿಧನ ವಾರ್ತೆ ಹುಡುಕುತ್ತಾರೆ. ನಮ್ಮ ಸೆಕ್ರೆಟ್ರಿ ಮಾತ್ರ ಪತ್ರಿಕೆಯನ್ನು ಮಗುಚಿ ಹಾಕಿ, ಕೊನೆಯ ಪುಟದ ತಳದಲ್ಲಿರುವ ಸಣ್ಣಕ್ಷರದ ಸಾಲಿಗೆ ಕನ್ನಡಕ ಹೊಂದಿಸುತ್ತಿದ್ದರು. ಮುದ್ರಕರು ಯಾರು, ಪ್ರಕಾಶಕರು ಯಾರು, ಸಂಪಾದಕರು ಯಾರು, ಎಲ್ಲಿ ಅಚ್ಚಾಯಿತು ಎಂದು ಹೇಳುವ ಸಾಲು ಅದು. ಓದುಗರು ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಇವರು ಅದರ ಮೇಲೆ ತೋರುಬೆರಳು ಆಡಿಸುತ್ತಾ, ಬಾಯೊಳಗೇ ಓದಿಕೊಂಡು, ಸಮಾಧಾನವಾದ ಮೇಲೆ ಮೊದಲ ಪುಟಕ್ಕೆ ಬರುತ್ತಿದ್ದರು.

“ಪ್ರಕಾಶಕ್ರ ಎಸ್ರು ತಳದಲ್ಲಿರ್ತದೆ ಕಣವ್ವ. ಒದೆ ಬೀಳೋವಾಗ ಮಾತ್ರ ಮೇಲಕ್ಕೆ ಬತ್ತದೆ” ಎಂದು ನನಗೆ ಒಮ್ಮೆ ಹೇಳಿದ್ದರು. ಆಗ ನಕ್ಕಿದ್ದೆ. ಆಮೇಲೆ ಅದು ನಗುವ ಮಾತಲ್ಲ ಎಂದು ಗೊತ್ತಾಯಿತು.

ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಸಣ್ಣ ಪತ್ರಿಕೆಗಳ ಪ್ರಕಾಶಕರು ಕಟ್ಟಿಕೊಂಡ ಒಂದು ಸಂಘವಿದೆ. ಇವರು ಅದರ ಕಾರ್ಯದರ್ಶಿ. ಅಧ್ಯಕ್ಷರು ಬರುತ್ತಿದ್ದರು, ಹಾರ ಹಾಕಿಸಿಕೊಳ್ಳುತ್ತಿದ್ದರು, ಹೋಗುತ್ತಿದ್ದರು. ಇವರು ಇದ್ದಲ್ಲೇ ಇದ್ದರು. ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ, ಎಲ್ಲರಿಗೂ ಸೆಕ್ರೆಟ್ರಿ. ಮನೆಯಲ್ಲಿ ಅವರ ಹೆಂಡತಿಯೂ “ನಮ್ಮ ಸೆಕ್ರೆಟ್ರಿ ಇನ್ನೂ ಉಂಡಿಲ್ಲ” ಅನ್ನುತ್ತಿದ್ದರು. ಈ ಬರಹದಲ್ಲೂ ಹಾಗೆಯೇ ಇರಲಿ.

ಹೋದ ತಿಂಗಳು ಅವರು ತೀರಿಕೊಂಡರು. ನಾನು ಹನೂರಿನಿಂದ ನಾಲ್ಕು ಪುಟದ ಒಂದು ಸಂಜೆ ಪತ್ರಿಕೆ ನಡೆಸುತ್ತೇನೆ. ಇವತ್ತು ಅದರ ತಳದ ಸಾಲಿನಲ್ಲಿ ನನ್ನ ಹೆಸರಿದೆ ಎಂದರೆ ಅದಕ್ಕೆ ಅವರೇ ಕಾರಣ. ಸುತ್ತಿ ಬಳಸಿ ಕೊನೆಯಲ್ಲಿ ಹೇಳುವುದಕ್ಕಿಂತ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನೋಡುವುದಕ್ಕೆ ಅಂಥಾ ಆಳೇನಲ್ಲ. ಕುಳ್ಳಗೆ, ಅರ್ಧ ತೋಳಿನ ಬಿಳಿ ಶರಟು, ಶರಟಿನ ಜೇಬಿನಲ್ಲಿ ಪಟ್ಟಿಯಾಗಿ ಮಡಚಿದ ಯಾರದೋ ಪತ್ರಿಕೆ. ತಮ್ಮದನ್ನು ಎಂದೂ ಇಟ್ಟುಕೊಳ್ಳುತ್ತಿರಲಿಲ್ಲ. ಗಂಟಲು ಮಾತ್ರ ಜೋರು. ಮೈಕು ಕಂಡರೆ ಬಿಡುತ್ತಿರಲಿಲ್ಲ, ಕೊಟ್ಟ ಮೇಲೆ ಕಿತ್ತುಕೊಳ್ಳುವುದು ಕಷ್ಟ. ಒಳ್ಳೆಯದನ್ನು ಹೊಗಳುವುದರಲ್ಲಿ ಮಹಾ ಜಿಪುಣ. ಸಂಘದ ವಾಟ್ಸಾಪ್ ಗುಂಪಿಗೆ ಒಂದು ಅಕ್ಷರ ಟೈಪ್ ಮಾಡಿದವರಲ್ಲ. ಅಕ್ಷರ ಅಚ್ಚು ಹಾಕಿಯೇ ಬದುಕಿದ ಮನುಷ್ಯ ಗುಂಪಿನಲ್ಲಿ ಬರೀ ಧ್ವನಿ ಕಳಿಸುತ್ತಿದ್ದರು, ಅದರಲ್ಲೂ ಅರ್ಧ ಕೆಮ್ಮು.

ಅವರಿಗೂ ಕೊಳ್ಳೇಗಾಲದಿಂದ ಹೊರಡುವ ಒಂದು ಪತ್ರಿಕೆಯಿತ್ತು. ಒಂದು ಸಂಜೆ ಅದರಲ್ಲಿ “ಪ್ರಕಾಶಕರ ಸಂಘಕ್ಕೆ ಗಾಢ ನಿದ್ದೆ” ಎಂಬ ತಲೆಬರಹ ಬಂತು. ಕಾರ್ಯದರ್ಶಿ ಏನೂ ಕೆಲಸ ಮಾಡುತ್ತಿಲ್ಲ ಎಂದು ಕೆಳಗೆ ಉದ್ದಕ್ಕೂ ಬರೆದಿತ್ತು. ಸಭೆಯಲ್ಲಿ ಎಲ್ಲರೂ ಹಿಡಿದುಕೊಂಡರು, ಇದೇನು ನಿಮ್ಮ ಮೇಲೆ ನೀವೇ ಬರೆದುಕೊಂಡಿದ್ದೀರಿ ಎಂದು. ಅವರು ಟೀ ಲೋಟ ಕೆಳಗಿಟ್ಟು, “ಪೇಪರ್‌ನೋನು ಬರ್ದ. ಸೆಕ್ರೆಟ್ರಿ ಓದಿ ಬುದ್ಧಿ ಕಲ್ತ. ಅವ್ರಿಬ್ರಿಗೂ ಮಾತುಕತೆ ಇಲ್ಲ ಬುಡಿ” ಅಂದರು. ಆ ವಾರವೇ ಸಂಘದ ನಿಂತ ಕೆಲಸಗಳು ಶುರುವಾದವು.

ಸಂಘದ ಸಭೆಯಲ್ಲಿ ಅವರು ತಂದ ಪದ್ಧತಿಯೊಂದಿತ್ತು, ಈಗಲೂ ಇದೆ. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹಿಂದಿನ ಮಾಳಿಗೆ ಕೋಣೆಯಲ್ಲಿ ಸೇರುತ್ತೇವೆ. ಬೋಂಡ, ಟೀ ಬರುತ್ತದೆ. ಮಾತು ಶುರುವಾಗುವ ಮೊದಲು ಒಬ್ಬೊಬ್ಬರೂ ಇನ್ನೊಬ್ಬರ ಪತ್ರಿಕೆಯನ್ನು ಗಟ್ಟಿಯಾಗಿ ಓದಬೇಕು. ತನ್ನದು ಓದುವ ಹಾಗಿಲ್ಲ. ಅದರಲ್ಲೂ ಯಾರಿಗೆ ಯಾರನ್ನು ಕಂಡರೆ ಆಗುವುದಿಲ್ಲವೋ ಅವರ ಕೈಗೇ ಆ ಎದುರಾಳಿಯ ಪತ್ರಿಕೆ ಕೊಡುತ್ತಿದ್ದರು. ನಮ್ಮ ಪತ್ರಿಕೆಯನ್ನು ಆಗ ನಡೆಸುತ್ತಿದ್ದ ನನ್ನ ಯಜಮಾನರಿಗೆ ಸಿಗುತ್ತಿದ್ದುದು ಯಳಂದೂರಿನವರ ಪತ್ರಿಕೆ, ಯಳಂದೂರಿನವರಿಗೆ ನಮ್ಮದು.

ಯಳಂದೂರಿನ ಆ ಪ್ರಕಾಶಕರಿಗೂ ನಮ್ಮ ಯಜಮಾನರಿಗೂ ಎಣ್ಣೆ ಸೀಗೇಕಾಯಿ. ಒಬ್ಬರು ಒಬ್ಬ ಮುಖಂಡನ ಕಡೆ, ಇನ್ನೊಬ್ಬರು ಅವನ ಎದುರಾಳಿಯ ಕಡೆ. ನಮ್ಮೆಲ್ಲರ ಪತ್ರಿಕೆಗಳೂ ಅಚ್ಚಾಗುವುದು ಕೊಳ್ಳೇಗಾಲದ ಒಂದೇ ಪ್ರೆಸ್ಸಿನಲ್ಲಿ. ಬೆಳಿಗ್ಗೆ ಪುಟ ಕಳಿಸುತ್ತೇವೆ, ಮಧ್ಯಾಹ್ನದ ಹೊತ್ತಿಗೆ ಅಚ್ಚಾಗುತ್ತದೆ, ಆಮೇಲೆ ಬಸ್ಸಿಗೆ ಬಂಡಲು. ಚುನಾವಣೆ ಬಿಸಿಯಲ್ಲಿದ್ದಾಗ ಒಂದು ದಿನ ಅವಸರದಲ್ಲಿ ಒಳಪುಟಗಳ ಅಚ್ಚಿನ ಪ್ಲೇಟು ಅದಲುಬದಲಾಯಿತು. ನಮ್ಮ ಪತ್ರಿಕೆಯ ಮೊದಲ ಪುಟದಲ್ಲಿ ದೇವರಂಥ ಮನುಷ್ಯ ಎನಿಸಿಕೊಂಡಿದ್ದ ಮುಖಂಡ, ಮಗುಚಿದರೆ ಒಳಗೆ ಕಳ್ಳನಾಗಿದ್ದ. ಯಳಂದೂರಿನವರ ಪತ್ರಿಕೆಯಲ್ಲೂ ಹಾಗೇ, ಅವರ ಮುಖಂಡನಿಗೆ. ಯಾರಿಗೂ ಗೊತ್ತಾಗುವ ಮೊದಲೇ ಬಸ್ಸುಗಳು ಹೊರಟುಹೋಗಿದ್ದವು.

ಇಬ್ಬರೂ ಸಂಘದ ಕೋಣೆಗೆ ಬಂದು ಒಬ್ಬರ ಮೇಲೊಬ್ಬರು ಹಾರಾಡಿದರಂತೆ. ಇವನೇ ಬೇಕೆಂದು ಮಾಡಿಸಿದ್ದು ಎಂದು ಇವರು, ಅವನೇ ಎಂದು ಅವರು. ಸೆಕ್ರೆಟ್ರಿ ಎರಡೂ ಪತ್ರಿಕೆ ಹರಡಿಕೊಂಡು ಪೂರ್ತಿ ಓದಿ, ಕನ್ನಡಕ ತೆಗೆದು, “ಏನ್ ಕಳ್ಕಂಡ್ರಿ ಈಗ? ನಿಮ್ಮಿಬ್ರ ಓದುಗ್ರಿಗೂ ಇವತ್ತೊಂದಿನ ಪೂರ್ತಿ ಸುದ್ದಿ ಸಿಕ್ತು” ಅಂದರು. ಮನೆಗೆ ಬಂದ ಯಜಮಾನರು ಕೋಪ ಮಾಡಿಕೊಂಡೇ ಇದನ್ನು ಹೇಳಲು ಶುರು ಮಾಡಿ, ಅರ್ಧದಲ್ಲಿ ನಗು ತಡೆಯಲಾರದೆ ತಟ್ಟೆಯ ಮುಂದೆ ಬಿದ್ದು ಬಿದ್ದು ನಕ್ಕರು. ಅವರು ಹಾಗೆ ನಕ್ಕಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಹೊರಗಿನವರ ಎದುರು ಮಾತ್ರ ಸೆಕ್ರೆಟ್ರಿ ನಮ್ಮ ಜಗಳ ಯಾವುದನ್ನೂ ಒಪ್ಪುತ್ತಿರಲಿಲ್ಲ. ಬಸ್ ಡಿಪೋಗೆ ಹೊಸದಾಗಿ ಬಂದ ಅಧಿಕಾರಿಯೊಬ್ಬರು ಬಸ್ಸಿನಲ್ಲಿ ಪತ್ರಿಕೆ ಬಂಡಲು ಹಾಕಕೂಡದು ಎಂದುಬಿಟ್ಟರು. ಬಸ್ಸಿಲ್ಲದೆ ರಾಮಾಪುರಕ್ಕೆ, ಮಹದೇಶ್ವರ ಬೆಟ್ಟಕ್ಕೆ ಪತ್ರಿಕೆ ಹೋಗುವುದು ಹೇಗೆ? ಮನವಿ ಕೊಟ್ಟರು, ಕೇಳಲಿಲ್ಲ. ಮರುದಿನ ಸಂಘದ ಪ್ರಕಾಶಕರೆಲ್ಲ ಟಿಕೆಟ್ ತೆಗೆದುಕೊಂಡು ಬೆಟ್ಟದ ಬಸ್ಸು ಹತ್ತಿ, ಒಬ್ಬೊಬ್ಬರೂ ತೊಡೆಯ ಮೇಲೆ ಒಂದೊಂದು ಬಂಡಲು ಇಟ್ಟುಕೊಂಡು ಕೂತರು. ಅಧಿಕಾರಿ ಓಡಿ ಬಂದರು.

“ಬಂಡ್ಲಿಗೆ ಜಾಗ ಇಲ್ಲ ಅಂದ್ರಿ, ಸರಿ. ಬಂಡ್ಲು ಇಡ್ಕಂಡಿರೋ ಮನ್ಸಂಗೆ ಜಾಗ ಅದೆ ಅಲ್ವಾ ಸಾ?” ಎಂದು ಕಿಟಕಿಯಿಂದ ಕೇಳಿದ್ದು ಸೆಕ್ರೆಟ್ರಿ. ಪಕ್ಕದಲ್ಲಿ ಕೂತಿದ್ದ, ಬೆಟ್ಟಕ್ಕೆ ಹೊರಟ ಮಾದಪ್ಪನ ಭಕ್ತರಿಗೆ ದಾರಿಯುದ್ದಕ್ಕೂ ಪುಕ್ಕಟೆ ಪತ್ರಿಕೆ ಓದಿ ಹೇಳಿದರಂತೆ. ಒಂದೆರಡು ದಿನ ಹೀಗೇ ನಡೆಯಿತು. ನಿಂತು ಪ್ರಯಾಣ ಮಾಡಬೇಕಾದ ಜನ ಅಧಿಕಾರಿಯನ್ನೇ ಬೈಯಲು ಶುರು ಮಾಡಿದ ಮೇಲೆ ಬಂಡಲುಗಳಿಗೆ ಮತ್ತೆ ಜಾಗ ಸಿಕ್ಕಿತು.

ಇಷ್ಟೆಲ್ಲ ನಾನು ಕೇಳಿ ತಿಳಿದದ್ದು. ಅವರನ್ನು ನಿಜವಾಗಿ ಕಂಡದ್ದು ನಮ್ಮ ಯಜಮಾನರು ಹೋದ ದಿನ.

ಬೆಳಿಗ್ಗೆ ಕಾಫಿ ಕುಡಿದು, ಆ ದಿನದ ಪುಟಗಳನ್ನು ಕಂಪ್ಯೂಟರಿನಲ್ಲಿ ನೋಡುತ್ತಾ ಕೂತವರು ಹಾಗೇ ಪಕ್ಕಕ್ಕೆ ವಾಲಿದರು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಊರಿಗೆ ಊರೇ ಬಂತು. ನೆಂಟರು, ಅಂಗಡಿಯವರು, ನಾವು ಬೈದು ಬರೆದವರು ಕೂಡ ಬಂದರು. ಸಂಘದವರು ಮಾತ್ರ ಒಬ್ಬರೂ ಇಲ್ಲ. ನಮ್ಮ ಯಜಮಾನರು ಸಂಘ ಸಂಘ ಎಂದು ಎಷ್ಟು ಓಡಾಡಿದ್ದರು! ನನ್ನ ಕಣ್ಣು ಮತ್ತೆ ಮತ್ತೆ ಬಾಗಿಲ ಕಡೆಗೇ ಹೋಗುತ್ತಿತ್ತು. ನನ್ನ ಭಾವನವರು ಎಲ್ಲರಿಗೂ ಕೇಳುವ ಹಾಗೆ, “ನೋಡ್ದಾ? ಸತ್ ದಿನಾನೂ ಒಬ್ನಾದ್ರೂ ಇತ್ಲಾಗ್ ಬಂದ್ನಾ? ಇವ್ರ್ ಜೊತೆ ಸೇರ್ಕಂಡು ಜೀವ ತೇಯ್ದ” ಅಂದರು. ನನಗೂ ಅದೇ ನಿಜ ಅನ್ನಿಸಿತು. ಅಳು ಕೂಡ ಬರಲಿಲ್ಲ.

ಮಣ್ಣಿಗೆ ಎತ್ತುವ ಹೊತ್ತಾದಾಗ ಬೀದಿಯಲ್ಲಿ ಒಂದು ವ್ಯಾನು ನಿಂತಿತು. ಸಂಘದವರೆಲ್ಲ ಅದರಿಂದ ಇಳಿದರು. ಶರಟಿನ ಮೇಲೆಲ್ಲ ಇಂಕು. ಮುಂದೆ ಸೆಕ್ರೆಟ್ರಿ, ಕೈಯಲ್ಲಿ ಒಂದು ಪತ್ರಿಕೆ. ಅದು ನಮ್ಮ ಪತ್ರಿಕೆ, ಅವತ್ತಿನದು. ಯಜಮಾನರು ಆ ಬೆಳಿಗ್ಗೆ ಪ್ರೆಸ್ಸಿಗೆ ಅರ್ಧ ಮಾತ್ರ ಕಳಿಸಿದ್ದ ಪುಟಗಳನ್ನು ಇವರು ಪೂರ್ತಿ ಮಾಡಿ ಅಚ್ಚು ಹಾಕಿಸಿದ್ದರು. ಅದನ್ನು ಯಜಮಾನರ ತೊಡೆಯ ಪಕ್ಕ ಇಟ್ಟು, ನನ್ನ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತರು.

“ತಡ ಆಯ್ತು ಕಣವ್ವ, ಕ್ಷಮಿಸ್ಬುಡು. ಇವ್ರು ಪೇಪರ್ ತಪ್ಸಿದ ದಿನ ಇಲ್ಲ. ಇವತ್ತೂ ತಪ್ಪಬಾರ್ದು ಅಂತ ಮೊದ್ಲು ಪ್ರೆಸ್ಸಿಗೋದ್ವಿ.”

ಮೊದಲ ಪುಟದಲ್ಲಿ ಯಜಮಾನರ ಚಿತ್ರವಿತ್ತು. ಕೆಳಗಿನ ಬರಹ ಯಳಂದೂರಿನವರದು. ಹೊಗಳಿಕೆ ಹೆಚ್ಚೇನಿರಲಿಲ್ಲ. ಕೊನೆಗೆ “ಇನ್ನು ನಾವು ಯಾರ ಜೊತೆ ಜಗಳವಾಡುವುದು?” ಎಂದು ಬರೆದಿದ್ದರು. ಅದನ್ನು ಓದಿದಾಗ ನನಗೆ ಅವತ್ತು ಮೊದಲ ಸಲ ಅಳು ಬಂತು. ಬಾಗಿಲ ಹತ್ತಿರ ಆ ಮನುಷ್ಯನೂ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ನಿಂತಿದ್ದರು.

ಸಾವಿನ ದಿನ ಮೊದಲು ಪ್ರೆಸ್ಸಿಗೆ ಹೋಗುವ ಈ ಪದ್ಧತಿ ಎಲ್ಲಿಂದ ಬಂತೆಂದು ಆಮೇಲೆ ಸೆಕ್ರೆಟ್ರಿಯೇ ಹೇಳಿದರು. ಸಂಘದ ಶುರುವಿನಲ್ಲಿ ಒಬ್ಬ ಪ್ರಕಾಶಕರು ಹೀಗೇ ಹಠಾತ್ತನೆ ಹೋದಾಗ ಎಲ್ಲರೂ ಅವರ ಮನೆಗೆ ಹೋಗಿ ಕೂತರಂತೆ. ಹೂವು ತಂದರು, ಅತ್ತರು, ಹೆಗಲು ಕೊಟ್ಟರು, ತಿಥಿಯಲ್ಲಿ ಉಂಡರು. ಅಷ್ಟರಲ್ಲಿ ಪತ್ರಿಕೆ ನಿಂತಿತ್ತು. ಸಣ್ಣ ಪತ್ರಿಕೆ ಒಮ್ಮೆ ನಿಂತರೆ ಮತ್ತೆ ಎಬ್ಬಿಸುವುದು ಕಷ್ಟ. ಓದುಗ ಪಕ್ಕದ ಪತ್ರಿಕೆಗೆ ಕೈ ಹಾಕುತ್ತಾನೆ, ಜಾಹೀರಾತು ಕೊಡುವವರು ಮರೆಯುತ್ತಾರೆ. “ಎಲ್ರೂ ಅತ್ವಿ, ಒಬ್ರೂ ಕೆಲ್ಸ ಮಾಡ್ಲಿಲ್ಲ. ಮನ್ಸನ ಜೊತೆ ಅವ್ನ ಪೇಪರ್ನೂ ಮಣ್ಮಾಡಿ ಬಂದ್ವಿ” ಎಂದು ಹೇಳುವಾಗ ಅವರ ಆ ದೊಡ್ಡ ಗಂಟಲು ತಗ್ಗಿತ್ತು. ಅಲ್ಲಿಂದ ಸಂಘದಲ್ಲಿ ಮಾತಾಯಿತು: ಯಾರೇ ಹೋಗಲಿ, ಮೊದಲು ಪ್ರೆಸ್ಸು, ಆಮೇಲೆ ಮನೆ.

ತಿಥಿ ಮುಗಿಯುವ ತನಕ ನಮ್ಮ ಪತ್ರಿಕೆಯನ್ನು ಸಂಘದವರು ಸರದಿಯ ಮೇಲೆ ತಂದರು. ಅಷ್ಟರಲ್ಲಿ ಭಾವನವರು ಕೊಳ್ಳುವವನೊಬ್ಬನನ್ನು ಹುಡುಕಿದ್ದರು. ಸೈಟು ಮಾರುವ ಒಬ್ಬನಿಗೆ ಪತ್ರಿಕೆಯ ಹೆಸರು ಬೇಕಾಗಿತ್ತು, ಸುದ್ದಿ ಬೇಕಾಗಿರಲಿಲ್ಲ. ನನಗೆ ಗೊತ್ತಿದ್ದುದು ಯಜಮಾನರ ಪಕ್ಕ ಕೂತು ಅಚ್ಚಿನ ತಪ್ಪು ತಿದ್ದುವುದು ಅಷ್ಟೇ. ಸೆಕ್ರೆಟ್ರಿ ಬಂದು ಜಗಲಿಯ ಮೇಲೆ ಕೂತರು.

“ಮಾರೋದಾದ್ರೆ ಮಾರು ಕಣವ್ವ, ಸಂಘ ಅಡ್ಡ ಬರಲ್ಲ. ನಡೆಸೋದಾದ್ರೆ ನಡ್ಸು, ಸಂಘ ಜೊತೇಲಿರ್ತದೆ. ಸುಮ್ಕೆ ನಿಲ್ಸಕ್ಕೆ ಮಾತ್ರ ಬುಡಲ್ಲ.”

“ನಂಗೆ ಬರಿಯಕ್ಕೆ ಬರಲ್ಲ ಸಾ” ಎಂದೆ.

“ಬರಿಯಾದು ಆಮೇಲೆ. ಮೊದ್ಲು ಸಭೆಗ್ ಬಾ, ಜಗ್ಳ ಆಡೋದು ಕಲಿ.”

ಧೈರ್ಯ ಎಲ್ಲಿಂದ ಬಂತೋ, ನಡೆಸುತ್ತೇನೆ ಎಂದುಬಿಟ್ಟೆ. ಪ್ರಕಾಶಕ ಸತ್ತರೆ ಪತ್ರಿಕೆಗೆ ಇನ್ನು ನಾನೇ ಹೊಣೆ ಎಂದು ಇನ್ನೊಬ್ಬರು ಸರ್ಕಾರಕ್ಕೆ ಹೊಸದಾಗಿ ಘೋಷಣೆ ಕೊಟ್ಟು ಸಹಿ ಮಾಡಬೇಕು. ಕಚೇರಿಗೆ ಸೆಕ್ರೆಟ್ರಿಯೇ ಕರೆದುಕೊಂಡು ಹೋದರು. ಅಲ್ಲಿನ ಗುಮಾಸ್ತರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಮನೇಲಿ ಗಂಡಸರು ಯಾರೂ ಇಲ್ವಾ?” ಎಂದು ಕೇಳಿದರು. ನನಗೆ ನೆಲ ನೋಡುವ ಹಾಗಾಯಿತು. ಸೆಕ್ರೆಟ್ರಿ ಮುಂದೆ ಬಾಗಿ, “ಗಂಡ್ಸು ಅಂದ್ರೆ ನಾನಿವ್ನಿ ಸಾ. ಆದ್ರೆ ಏನ್ ಮಾಡದು, ನಾನು ಎದ್ರಾಳಿ ಪೇಪರ್‌ನೋನು. ಈ ಪೇಪರ್‌ಗೆ ಯಜಮಾನ್ರು ಇವ್ರೇಯ” ಅಂದರು. ಗುಮಾಸ್ತರು ಪೆನ್ನು ನನ್ನ ಕಡೆ ತಳ್ಳಿದರು.

ನನ್ನ ಹೆಸರು ಮೊದಲ ಸಲ ಅಚ್ಚಾದ ಪತ್ರಿಕೆಯನ್ನು ಸಂಘದ ಸಭೆಯಲ್ಲಿ ಅವರೇ ಕೈಗೆತ್ತಿಕೊಂಡರು. ಮಗುಚಿ, ತಳದ ಸಾಲಿಗೆ ಬೆರಳಿಟ್ಟು, ನನ್ನ ಹೆಸರನ್ನು ಎಲ್ಲರಿಗೂ ಕೇಳುವಂತೆ ಬಿಡಿಬಿಡಿಯಾಗಿ ಓದಿದರು. ಹೆಣ್ಣೆಂಗಸು ಹನೂರಿಂದ ಬಂದು ಪತ್ರಿಕೆ ನಡೆಸಿದ ಹಾಗೇ ಬಿಡಿ ಎಂದು ಹಿಂದೆ ಗೊಣಗಿದವರೂ ಅಲ್ಲಿದ್ದರು. ಮರುಕ್ಷಣವೇ ಸೆಕ್ರೆಟ್ರಿ ಮೊದಲ ಪುಟಕ್ಕೆ ಬಂದು, “ಇದೇನವ್ವ ತಲೆಬರಹ? ಸಪ್ಪೆ ಸಾರಿದ್ದಂಗದೆ” ಎಂದು ಜಾಡಿಸಿದರು. ಆವತ್ತಿನಿಂದ ಒಂದು ಸಭೆಯಲ್ಲೂ ನನಗೆಂದು ರಿಯಾಯಿತಿ ತೋರಿಸಲಿಲ್ಲ. ಅದೇ ಅವರು ನನಗೆ ಕೊಟ್ಟ ದೊಡ್ಡ ಮರ್ಯಾದೆ.

ಒದೆ ಬೀಳುವ ದಿನವೂ ಬಂತು. ರಾಮಾಪುರದ ಕಡೆಯ ಒಂದು ಹಳ್ಳಿಯಲ್ಲಿ ಕುಡಿಯುವ ನೀರಿನ ಟ್ಯಾಂಕು ಕಟ್ಟಿ ಬಣ್ಣ ಬಳಿದಿದ್ದರು, ಒಂದು ಹನಿ ನೀರು ಹತ್ತಿರಲಿಲ್ಲ. ಬರೆದೆ. ಗುತ್ತಿಗೆದಾರ ನಾಲ್ಕು ಜನರನ್ನು ಕಟ್ಟಿಕೊಂಡು ಆಫೀಸಿಗೆ ನುಗ್ಗಿ, ಸುಳ್ಳು ಬರೆದಿದ್ದೀಯ, ಬಾಗಿಲು ಹಾಕಿಸುತ್ತೇನೆ ಎಂದು ಕೂಗಾಡಿ ಹೋದ. ಸೆಕ್ರೆಟ್ರಿಗೆ ಫೋನು ಮಾಡಿದೆ. ಅಯ್ಯೋ ಎನ್ನಲಿಲ್ಲ, ಹೆದರಬೇಡ ಎನ್ನಲಿಲ್ಲ. “ನಿಜಾನಾ?” ಎಂದರು. ನಿಜ ಎಂದೆ. “ನಾಳೆ ಅಲ್ಲಿಗೋಗಿ ನೋಡ್ಮ. ಸುಳ್ಳಾದ್ರೆ ನಾನೇ ನಿಂತ್ಕಂಡು ತಪ್ಪಾಯ್ತು ಅಂತ ಅಚ್ ಹಾಕುಸ್ತೀನಿ” ಎಂದು ಫೋನಿಟ್ಟರು.

ಮರುದಿನ ಮೊಪೆಡ್ಡಿನಲ್ಲಿ ಆ ಹಳ್ಳಿಗೆ ಬಂದರು. ಆ ವಯಸ್ಸಿನಲ್ಲಿ, ಕೆಳಗೆ ನಿಂತ ನಾನೂ ಊರವರೂ ಬೇಡ ಬೇಡ ಎಂದು ಕೂಗುತ್ತಿದ್ದರೂ, ಏಣಿ ಹತ್ತಿ ಟ್ಯಾಂಕಿನ ಬಾಯಿಗೆ ತಲೆ ಹಾಕಿದರು. ಇಳಿಯುವಾಗ ಬಿಳಿ ಶರಟೆಲ್ಲ ಸಿಮೆಂಟು ಧೂಳು.

“ಒಳ್ಗಡೆ ಪಾರಿವಾಳ ಮೊಟ್ಟೆ ಇಟ್ಟದೆ. ಬರೀರಿ ಎಲ್ರೂವೆ” ಎಂದು ಅಲ್ಲಿಂದಲೇ ಗುಂಪಿಗೆ ಧ್ವನಿ ಕಳಿಸಿದರು. ಆಮೇಲೆ ಏನೋ ನೆನಪಾಗಿ ಇನ್ನೊಂದು ಕಳಿಸಿದರು: “ಮೊಟ್ಟೆ ವಿಚಾರ ಮಾತ್ರ ನನ್ ಪೇಪರ್‌ಗೆ. ಯಾರೂ ಮುಟ್ಬೇಡಿ.”

ಆ ಸಂಜೆ ಸಂಘದ ಎಲ್ಲ ಪತ್ರಿಕೆಗಳಲ್ಲೂ ಟ್ಯಾಂಕು ಬಂತು, ಅವರದರಲ್ಲಿ ಮಾತ್ರ ಮೊಟ್ಟೆ ಸಮೇತ. ಗುತ್ತಿಗೆದಾರ ಮತ್ತೆ ನನ್ನ ಬಾಗಿಲಿಗೆ ಬರಲಿಲ್ಲ. ಎಲ್ಲರ ಬಾಗಿಲಿಗೂ ಹೋಗುವುದು ಅವನಿಗೂ ಕಷ್ಟವಿತ್ತು. ಸಂಘ ಎಂದರೇನು ಎಂದು ನನ್ನನ್ನು ಯಾರಾದರೂ ಕೇಳಿದರೆ ನಿಯಮಾವಳಿ ತೋರಿಸುವುದಿಲ್ಲ, ಆ ಸಂಜೆಯ ಪತ್ರಿಕೆಗಳನ್ನು ತೋರಿಸುತ್ತೇನೆ.

ಹೋದ ತಿಂಗಳು ಒಂದು ಬೆಳಿಗ್ಗೆ ಗುಂಪಿನಲ್ಲಿ ಯಳಂದೂರಿನವರ ಸಂದೇಶ ಬಂತು. “ನಮ್ಮ ಸೆಕ್ರೆಟ್ರಿ ಇನ್ನಿಲ್ಲ” ಎಂದಷ್ಟೇ.

ಹನೂರಿನಲ್ಲಿ ಸಿಕ್ಕ ಬಸ್ಸು ಹತ್ತಿದೆ. ಅವರ ಮನೆ ಮಧುವನಹಳ್ಳಿಯಲ್ಲಿ, ಕೊಳ್ಳೇಗಾಲಕ್ಕೆ ಹೋಗುವ ರಸ್ತೆಯ ಪಕ್ಕದಲ್ಲೇ. ಬಸ್ಸು ಅಲ್ಲಿ ನಿಂತಿತು. ಕಿಟಕಿಯಿಂದ ಶಾಮಿಯಾನ ಕಾಣಿಸಿತು, ಕುರ್ಚಿಗಳು, ಜನ. ಮನೆ ಬಾಗಿಲಲ್ಲಿ ನಿಂತಿದ್ದ ಸೆಕ್ರೆಟ್ರಿಯ ತಮ್ಮ ನನ್ನನ್ನು ನೋಡಿದರು. ನಾನು ಎದ್ದು ನಿಂತಿದ್ದೆ. ನನ್ನ ಮನೆಯನ್ನು ಎತ್ತಿ ನಿಲ್ಲಿಸಿದ ಮನುಷ್ಯ ಅಲ್ಲಿ ಮಲಗಿದ್ದರು, ಅವರ ಮುಖ ಒಮ್ಮೆ ನೋಡಬೇಕೆಂದು ಜೀವ ಹೊಡೆದುಕೊಳ್ಳುತ್ತಿತ್ತು.

“ಇಳಿಯಲ್ವಾ ಅವ್ವ? ಇದೇ ಅಲ್ವಾ?” ಎಂದರು ಕಂಡಕ್ಟರು. ಅವರಿಗೂ ಸುದ್ದಿ ಗೊತ್ತಿತ್ತು.

“ಇಲ್ಲ, ಕೊಳ್ಳೇಗಾಲ” ಎಂದು ಕೂತುಬಿಟ್ಟೆ. ಬಸ್ಸು ಮುಂದೆ ಹೋಯಿತು. ಆ ತಮ್ಮನವರು ಬಾಯಿ ತೆರೆದುಕೊಂಡು ಬಸ್ಸನ್ನೇ ನೋಡುತ್ತಿದ್ದುದು ಹಿಂದಿನ ಗಾಜಿನಲ್ಲಿ ಕಾಣಿಸಿತು.

ಸೆಕ್ರೆಟ್ರಿಯ ಅವತ್ತಿನ ಪತ್ರಿಕೆ ತರಲು ಪ್ರೆಸ್ಸಿನಲ್ಲಿ ಎಲ್ಲರೂ ಸೇರಿದ್ದರು. ಯಳಂದೂರಿನವರು ಒಂದು ಕೈಯಲ್ಲಿ ಟವೆಲ್ಲು, ಇನ್ನೊಂದು ಕೈಯಲ್ಲಿ ಪೆನ್ನು ಹಿಡಿದು ಬರೆಯುತ್ತಿದ್ದರು. ಅವರು ಬರೆದದ್ದರಲ್ಲಿ ‘ಅಜಾತಶತ್ರು’ ಎಂಬ ಮಾತಿತ್ತು. ನಾನು ಹೊಡೆದು ಹಾಕಿದೆ. “ಯಾಕವ್ವ?” ಎಂದು ರೇಗಿದರು. “ಅರ್ಧ ತಾಲ್ಲೂಕಿನ ಜೊತೆ ಜಗ್ಳ ಆಡಿವ್ರೆ. ಇದ್ ನೋಡಿದ್ರೆ ಏನನ್ನೋರು?” ಎಂದೆ. ಅಲ್ಲೇ ನಮ್ಮಿಬ್ಬರಿಗೂ ಜೋರಾಗಿ ವಾಗ್ವಾದವಾಯಿತು. ಮಶೀನಿನವರು ಕೂಡ ಕೆಲಸ ಬಿಟ್ಟು ನೋಡುತ್ತಿದ್ದರು. ಇದ್ದಕ್ಕಿದ್ದ ಹಾಗೆ ಇಬ್ಬರಿಗೂ ನಗು ಬಂತು, ಅದರ ಹಿಂದೆಯೇ ಅಳು. ಕೊನೆಗೆ ಆ ಮಾತು ಹೋಯಿತು, ಪಾರಿವಾಳದ ಮೊಟ್ಟೆ ಉಳಿಯಿತು. ತಳದ ಸಾಲಿನಲ್ಲಿ ಅವರ ಹೆಸರನ್ನು ಹಾಗೇ ಬಿಟ್ಟೆವು, ಕೊನೆಯ ಸಲಕ್ಕೆ.

ಇಂಕು ಆರುವ ಮೊದಲೇ ವ್ಯಾನು ಹತ್ತಿ ಮಧುವನಹಳ್ಳಿಗೆ ಬಂದೆವು. ನೆಂಟರ ಮುಖ ಬಿಗಿದಿತ್ತು. “ಹೊತ್ತಾಯ್ತು, ಹೊತ್ತಾಯ್ತು ಅಂತ ಆಗ್ಲಿಂದ ಬಡ್ಕತಾ ಇವ್ನಿ. ಇವ್ರು ಮಾತ್ರ ಎತ್ತಕ್ಕೇ ಬುಡ್ತಾ ಇಲ್ಲ” ಎಂದು ಆ ತಮ್ಮನವರು ಅತ್ತಿಗೆಯ ಕಡೆ ಕೈ ತೋರಿಸಿದರು. ಸೆಕ್ರೆಟ್ರಿಯ ಹೆಂಡತಿ ಗಂಡನ ತಲೆಯ ಬಳಿ ಕೂತಿದ್ದರು. ನಮ್ಮನ್ನು ಕಂಡು ಏಳಲಿಲ್ಲ, ಅಳಲಿಲ್ಲ, ಸುಮ್ಮನೆ ಕೈ ಚಾಚಿದರು. ಪತ್ರಿಕೆ ಕೊಟ್ಟೆ. ಚಿತ್ರದ ಕಡೆ ನೋಡದೆ ಮಗುಚಿ, ತಳದ ಸಾಲಿನ ಮೇಲೆ ತೋರುಬೆರಳು ಆಡಿಸುತ್ತಾ, ಗಂಡನ ಹೆಸರು ಸಿಕ್ಕಿದ ಕಡೆ ನಿಲ್ಲಿಸಿದರು. ಒಂದು ಗಳಿಗೆ ಬೆರಳು ಅಲ್ಲೇ ಇತ್ತು. ಆಮೇಲೆ ಪತ್ರಿಕೆಯನ್ನು ಪಟ್ಟಿಯಾಗಿ ಮಡಚಿ ಅವರ ಶರಟಿನ ಜೇಬಿಗೆ ಇಟ್ಟರು. ಸೆಕ್ರೆಟ್ರಿಯ ಪತ್ರಿಕೆ ಅವರದೇ ಜೇಬಿನಲ್ಲಿ ಇದ್ದದ್ದು ಅವತ್ತೊಂದೇ ದಿನ.

ಅವರ ಹೆಂಡತಿಯ ಪಕ್ಕ ಕೂತೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದೆ, ಬಾಯಿಗೆ ಬಂದದ್ದು ಸೆಕ್ರೆಟ್ರಿಯ ಮಾತೇ.

“ತಡ ಆಯ್ತು ಅಕ್ಕ, ಕ್ಷಮಿಸ್ಬುಡಿ.”

ಅವರು ನನ್ನ ಕೈ ಹಿಡಿದುಕೊಂಡರು. ನನ್ನ ಬೆರಳಿನ ಇಂಕು ಅವರ ಕೈಗೂ ಅಂಟಿತು.

“ತಡ ಏನಿಲ್ಲ ಕಣವ್ವ. ಬಸ್ಸಲ್ಲಿ ನೀನು ಇಳೀದೆ ಮುಂದುಕ್ಕೋದೆ ಅಂತ ಇವ್ನು ಬಂದ್ ಏಳ್ದಾಗ್ಲೇ ನಂಗೆ ಸಮಾಧಾನ ಆಯ್ತು. ಪೇಪರ್ ಇಲ್ದೆ ಮುಂಚೇನೆ ಬಂದ್ಬುಟ್ಟಿದ್ರೆ, ನಮ್ಮ ಸೆಕ್ರೆಟ್ರಿ ಎದ್ ಕುಂತ್ಕಂಡು ಬೈಯೋರು.”

ಹಾಗೆಂದು ಮೈದುನನ ಕಡೆ ತಿರುಗಿ, “ಈಗ ಎತ್ರಪ್ಪಾ” ಅಂದರು.